ಹೊಸ ಮೀನಿನ ತೊಟ್ಟಿಯಲ್ಲಿ ಅಮೋನಿಯಾ: ಕಾರಣ ಮತ್ತು ಪರಿಹಾರ

(ಕಮಲಾಪುರದಲ್ಲಿ ರೈತರು ಹಾಗೂ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಬೇಸಾಯ ಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಕಮಲಾಪುರಕ್ಕೆ ಬಂದು ಮಾತನಾಡುವವರು ಸಾಮಾನ್ಯವಾಗಿ ಕೆಂಪು ಬಾಳೆಯ ಬಗ್ಗೆ, ಇಲ್ಲವೇ ತೊಗರಿಯ ಬಗ್ಗೆ ಮಾತನಾಡುತ್ತಾರೆ. ನಾನೂ ಇದೇ ಊರಿನಲ್ಲಿ ಆ ಎರಡು ವಿಷಯಗಳ ಮೇಲೆ ಹಿಂದೆ ಮಾತನಾಡಿದ್ದೇನೆ. ಇಂದು ಮಾತ್ರ ಮೀನಿನ ತೊಟ್ಟಿಯ ವಿಷಯ ಹೇಳಬೇಕೆಂದು ನೀವೇ ಕೇಳಿದ್ದೀರಿ. ನಾನು ಮೀನುಗಾರಿಕೆಯ ತಜ್ಞನಲ್ಲ. ಬೇಸಾಯ ಶಾಸ್ತ್ರದವನು. ಎರೆ ಭೂಮಿಯಲ್ಲಿ ಸಾರಜನಕ ಏನಾಗುತ್ತದೆ ಎಂಬುದೇ ನನ್ನ ಪಿಎಚ್.ಡಿ. ಅಧ್ಯಯನದ ವಿಷಯವಾಗಿತ್ತು. ಆದರೆ ಹೊಸ ಮೀನಿನ ತೊಟ್ಟಿಯಲ್ಲಿ ಮೀನುಗಳು ಸಾಯುವುದಕ್ಕೆ ಮುಖ್ಯ ಕಾರಣವೂ ಅದೇ ಸಾರಜನಕ. ಹೊಲದಲ್ಲಿ ಯೂರಿಯಾ ಹಾಕಿದ ಮೇಲೆ ಯಾವ ಕ್ರಿಯೆ ನಡೆಯುತ್ತದೆಯೋ, ಅದೇ ಕ್ರಿಯೆ ತೊಟ್ಟಿಯಲ್ಲಿ ನಡೆಯಬೇಕು. ನಡೆಯದಿದ್ದರೆ ಮೀನು ಉಳಿಯುವುದಿಲ್ಲ. ಈ ಸಂಬಂಧವನ್ನು ತಿಳಿಸುವುದಷ್ಟೇ ಇಂದಿನ ನನ್ನ ಉದ್ದೇಶ.

ನನ್ನ ಮನೆಯ ಅನುಭವ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ನಮ್ಮ ಮನೆಗೆ, ಮಗಳ ಹಟಕ್ಕೆ ಮಣಿದು, ಎರಡಡಿ ಉದ್ದದ ಒಂದು ಗಾಜಿನ ತೊಟ್ಟಿಯನ್ನು ತಂದೆ. ಅದರಲ್ಲಿ ಸುಮಾರು 55 ಲೀಟರು ನೀರು ಹಿಡಿಯುತ್ತಿತ್ತು. ನಲ್ಲಿಯ ನೀರನ್ನು ಒಂದು ದಿನ ಇಟ್ಟು ತುಂಬಿಸಿ, ಎಂಟು ಗೋಲ್ಡ್‌ಫಿಶ್ ಮೀನುಗಳನ್ನು ಒಮ್ಮೆಲೇ ಬಿಟ್ಟೆವು. ಐದನೆಯ ದಿನ ಒಂದು ಮೀನು ಸತ್ತಿತು. ತೊಟ್ಟಿ ಹೊಲಸಾಗಿದೆ ಎಂದು ತಿಳಿದು ಎಲ್ಲ ನೀರನ್ನೂ ಚೆಲ್ಲಿದೆ. ಹರಳುಗಳನ್ನು ಕುದಿಯುವ ನೀರಿನಲ್ಲಿ ತೊಳೆದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬಿಳಿ ಮಾಡಿದೆ. ಮೂರು ದಿನ ಬಿಟ್ಟು ಮತ್ತೆರಡು ಮೀನು ಸತ್ತವು. ಮತ್ತೆ ತೊಳೆದೆ. ಎರಡು ವಾರ ತುಂಬುವುದರೊಳಗೆ ತೊಟ್ಟಿ ಥಳಥಳ ಹೊಳೆಯುತ್ತಿತ್ತು, ಒಳಗೆ ಒಂದು ಮೀನೂ ಇರಲಿಲ್ಲ.

ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಸಾರಜನಕ ಚಕ್ರವನ್ನು ವರ್ಷ ವರ್ಷವೂ ಬರೆದು ತೋರಿಸುವ ನಾನು, ನನ್ನ ಮನೆಯ ತೊಟ್ಟಿಯಲ್ಲಿ ಆ ಚಕ್ರವನ್ನು ನನ್ನ ಕೈಯಿಂದಲೇ ಮೂರು ಸಲ ಮುರಿದಿದ್ದೆ. ಅದು ತಿಳಿಯಲು ನನಗೆ ಎಂಟು ಮೀನು ಬೇಕಾದವು.

ಕಮಲಾಪುರದ ಎರಡು ತೊಟ್ಟಿಗಳು

ಎಂಟು ಮೀನು ಹೋದರೆ ಮಗುವಿಗೆ ದುಃಖ, ಅಷ್ಟೇ. ಆದರೆ ಇದೇ ತಪ್ಪಿನಿಂದ ಸಂಸಾರಕ್ಕೆ ನಷ್ಟವಾದ ಉದಾಹರಣೆ ನಿಮ್ಮಲ್ಲೇ ಇದೆ. ಆ ದಂಪತಿಗಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರು ಬೇಡವೆಂದಿದ್ದಾರೆ.

ಅವರು ಬಾಳೆ ಬೆಳೆಗಾರರು. ಅಲಂಕಾರಿಕ ಮೀನು ಸಾಕಿ ಕಲಬುರಗಿಯ ಅಂಗಡಿಗಳಿಗೆ ಮಾರಿದರೆ ಮನೆ ಖರ್ಚಿಗೆ ಆದೀತೆಂದು, ಸಂಘದಿಂದ ಸಾಲ ತೆಗೆದು ಕೊಟ್ಟಿಗೆಯ ಪಕ್ಕದಲ್ಲಿ ಎರಡು ಸಿಮೆಂಟು ತೊಟ್ಟಿಗಳನ್ನು ಕಟ್ಟಿಸಿದರು. ಗಿಲಾವು ಒಣಗಿದ ವಾರದೊಳಗೆ ನೀರು ತುಂಬಿಸಿ ಮೊಲ್ಲಿ ಮತ್ತು ಗೋಲ್ಡ್‌ಫಿಶ್ ಮರಿಗಳನ್ನು ಬಿಟ್ಟರು. ನಾಲ್ಕನೆಯ ದಿನದಿಂದ ಮರಿಗಳು ನೀರಿನ ಮೇಲೆ ಬಂದು ಬಾಯಿ ಬಿಡತೊಡಗಿದವು. ರೋಗವಿರಬೇಕೆಂದು ಔಷಧಿ ಹಾಕಿದರು. ಸಾವು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ನಾನು ಹೋಗಿ ನೋಡಿದಾಗ ಮನೆಯ ತಾಯಿ ಒಂದು ಮಾತು ಹೇಳಿದರು. ತೊಟ್ಟಿಯಲ್ಲಿ ಹಿಡಿಸದೇ ಉಳಿದ ಇಪ್ಪತ್ತು ಮರಿಗಳನ್ನು ಅವರು ದನ ನೀರು ಕುಡಿಯುವ ಹಳೆಯ ಕಲ್ಲಿನ ದೋಣಿಯಲ್ಲಿ ಬಿಟ್ಟಿದ್ದರು. "ಸರ್, ಪಾಚಿ ಹಿಡದ ಹಳೇ ದೋಣ್ಯಾಗಿನ ಮೀನ ಎಲ್ಲಾ ಜೀವಂತ ಅದಾವ. ದಿನಾ ತೊಳದು ಸ್ವಚ್ಛ ಇಟ್ಟ ಹೊಸಾ ತೊಟ್ಟ್ಯಾಗಿನವು ಸತ್ತಾವ. ಇದು ಹ್ಯಾಂಗ್ರಿ?" ಎಂದು ಕೇಳಿದರು.

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಉಳಿದ ಭಾಷಣವೆಲ್ಲ ಆ ತಾಯಿಗೆ ಕೊಡಬೇಕಾದ ಉತ್ತರವೆಂದು ತಿಳಿಯಿರಿ.

ಅಮೋನಿಯಾ ಎಲ್ಲಿಂದ ಬರುತ್ತದೆ?

ದನ, ಕುರಿ, ಮನುಷ್ಯರು ದೇಹದಲ್ಲಿ ಹೆಚ್ಚಾದ ಸಾರಜನಕವನ್ನು ಯೂರಿಯಾ ರೂಪದಲ್ಲಿ ಮೂತ್ರದ ಮೂಲಕ ಹೊರಗೆ ಹಾಕುತ್ತಾರೆ. ಮೀನು ಹಾಗಲ್ಲ. ಅದು ಬಹುಪಾಲು ಸಾರಜನಕವನ್ನು ನೇರವಾಗಿ ಅಮೋನಿಯಾ ರೂಪದಲ್ಲಿ, ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ಕೆರೆಯಲ್ಲಿ, ಹೊಳೆಯಲ್ಲಿ ನೀರು ಬಹಳ, ಮೀನು ಕಡಿಮೆ. ತೊಟ್ಟಿಯಲ್ಲಿ ನೀರು ಕಡಿಮೆ, ಮೀನು ಬಹಳ. ಇದಲ್ಲದೆ ತಿನ್ನದೇ ತಳಕ್ಕಿಳಿದ ಆಹಾರ, ಸತ್ತ ಮೀನು, ಕೊಳೆತ ಎಲೆ, ಇವುಗಳಿಂದಲೂ ಅಮೋನಿಯಾ ಹುಟ್ಟುತ್ತದೆ.

ಎಷ್ಟು ಹುಟ್ಟುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಗ್ರಾಂ ಮೀನಿನ ಆಹಾರದಲ್ಲಿ ನೂರಕ್ಕೆ 32 ಭಾಗ ಸಸಾರಜನಕ ಇದೆ ಎಂದಿಟ್ಟುಕೊಳ್ಳಿ. ಸಸಾರಜನಕದಲ್ಲಿ ನೂರಕ್ಕೆ 16 ಭಾಗ ಸಾರಜನಕ ಇರುತ್ತದೆ. ಅಂದರೆ ಒಂದು ಗ್ರಾಂ ಆಹಾರದಲ್ಲಿ ಸುಮಾರು 51 ಮಿಲಿಗ್ರಾಂ ಸಾರಜನಕ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 30 ಮಿಲಿಗ್ರಾಂ, ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ತೊಟ್ಟಿಯಲ್ಲಿ 60 ಲೀಟರು ನೀರಿದ್ದರೆ ಒಂದೇ ದಿನಕ್ಕೆ ಲೀಟರಿಗೆ ಅರ್ಧ ಮಿಲಿಗ್ರಾಂ ಏರಿತು. ನಾಲ್ಕು ದಿನಕ್ಕೆ ಎರಡು ಮಿಲಿಗ್ರಾಂ. ಮೀನುಗಳು ನಾಲ್ಕನೆಯ, ಐದನೆಯ ದಿನವೇ ಏಕೆ ಸಾಯತೊಡಗುತ್ತವೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಈ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ಇಷ್ಟು ಕಡಿಮೆ ಪ್ರಮಾಣದಲ್ಲಿ ಮೂಗಿಗೂ ತಿಳಿಯುವುದಿಲ್ಲ. ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಅದರಲ್ಲಿ ವಿಷವಿರಬಹುದು.

ಹೊಲದಲ್ಲಿ ನಡೆಯುವುದು, ತೊಟ್ಟಿಯಲ್ಲಿ ನಡೆಯದಿರುವುದು

ಹೊಲಕ್ಕೆ ಯೂರಿಯಾ ಹಾಕುತ್ತೀರಿ. ಮಣ್ಣಿನಲ್ಲಿ ಅದು ಕೆಲವೇ ದಿನಗಳಲ್ಲಿ ಅಮೋನಿಯಾ ರೂಪಕ್ಕೆ ಬರುತ್ತದೆ. ಅದರ ಬಹುಪಾಲನ್ನು ಎರೆ ಮಣ್ಣಿನ ಜೇಡಿ ಕಣಗಳು ಹಿಡಿದಿಟ್ಟುಕೊಳ್ಳುತ್ತವೆ. ಅನಂತರ ಒಂದು ಬಗೆಯ ಸೂಕ್ಷ್ಮಾಣುಜೀವಿಗಳು ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುತ್ತವೆ. ನೈಟ್ರೇಟನ್ನು ಬೆಳೆ ಹೀರಿಕೊಳ್ಳುತ್ತದೆ.

ಇದು ಬರೀ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂಬುದನ್ನು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು ತೋರಿಸಿದರು. ಚರಂಡಿ ನೀರನ್ನು ಮರಳಿನ ಮೂಲಕ ನಿಧಾನವಾಗಿ ಹರಿಸಿದಾಗ ಮೊದಲ ಕೆಲವು ವಾರ ಏನೂ ಬದಲಾವಣೆ ಕಾಣಲಿಲ್ಲ. ಆಮೇಲೆ ಅಮೋನಿಯಾ ಮಾಯವಾಗಿ ನೈಟ್ರೇಟ್ ಬರತೊಡಗಿತು. ಮರಳಿಗೆ ಕ್ಲೋರೋಫಾರಂ ಆವಿ ಹಾಯಿಸಿದಾಗ ಕ್ರಿಯೆ ನಿಂತುಹೋಯಿತು. ಮುಂದೆ 1890ರ ಸುಮಾರಿಗೆ ರಷ್ಯಾ ದೇಶದ ವಿನೊಗ್ರಾಡ್‌ಸ್ಕಿ ಈ ಜೀವಿಗಳನ್ನು ಬೇರ್ಪಡಿಸಿದರು. ಎರಡೂ ಹಂತಗಳನ್ನು ಒಂದೇ ಜೀವಿ ಮಾಡಬಲ್ಲದು ಎಂಬುದು 2015ರಲ್ಲಿ ತಿಳಿದುಬಂತು. ಅಂಥ ಜೀವಿಗಳು ಸಿಕ್ಕಿದ ಸ್ಥಳಗಳಲ್ಲಿ ಮೀನು ಸಾಕುವ ತೊಟ್ಟಿಯ ನೀರನ್ನು ಶುದ್ಧಿ ಮಾಡುವ ಫಿಲ್ಟರೂ ಒಂದು.

ಶ್ಲೋಸಿಂಗ್ ಅವರ ಮರಳಿನಲ್ಲಿ ಮೊದಲು ಕೆಲವು ವಾರ ಏನೂ ಆಗಲಿಲ್ಲ ಎಂಬ ಮಾತನ್ನು ನೆನಪಿಡಬೇಕು. ಹೊಸ ತೊಟ್ಟಿಯ ಸ್ಥಿತಿಯೂ ಅದೇ. ಮಣ್ಣಿಲ್ಲ, ಜೇಡಿಯಿಲ್ಲ, ಸೂಕ್ಷ್ಮಾಣುಜೀವಿಗಳಿಲ್ಲ. ಈ ಜೀವಿಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಸ್ಪಂಜು, ಮರಳು, ಹರಳು, ಗೋಡೆ, ಇವುಗಳ ಮೈಗೆ ಅಂಟಿಕೊಂಡು ಜಾರುವಂಥ ತೆಳುವಾದ ಪೊರೆಯಾಗಿ ಬೆಳೆಯುತ್ತವೆ. ಹಾಲಿನ ಸೂಕ್ಷ್ಮಾಣುಗಳಂತೆ ಒಂದು ರಾತ್ರಿಯಲ್ಲಿ ಹೆಚ್ಚುವಂಥವೂ ಅಲ್ಲ. ತೊಟ್ಟಿ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ದನದ ದೋಣಿಯ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಆ ದೋಣಿಯ ಕಲ್ಲಿಗೆ ಎಷ್ಟೋ ವರ್ಷಗಳಿಂದ ಆ ಪೊರೆ ಕಟ್ಟಿತ್ತು. ಮೀನು ಬಿಟ್ಟ ಅಮೋನಿಯಾವನ್ನು ಅಂದಂದೇ ಅದು ನೈಟ್ರೇಟಾಗಿ ಬದಲಾಯಿಸುತ್ತಿತ್ತು. ಪಾಚಿಯೂ ತನ್ನ ಪಾಲನ್ನು ಹೀರಿಕೊಳ್ಳುತ್ತಿತ್ತು. ಹೊಸ ತೊಟ್ಟಿಯಲ್ಲಿ ಇವೆರಡೂ ಇರಲಿಲ್ಲ. ಹುಟ್ಟಲು ಆರಂಭಿಸಿದ್ದನ್ನು ದಿನವೂ ಉಜ್ಜಿ ತೊಳೆದು ತೆಗೆಯಲಾಗುತ್ತಿತ್ತು. ಸಾಲದ್ದಕ್ಕೆ, ಸೂಕ್ಷ್ಮಾಣುಗಳನ್ನು ಕೊಲ್ಲುವ ಔಷಧಿ ಈ ಉಪಕಾರಿ ಜೀವಿಗಳನ್ನೂ ಕೊಂದಿತು.

ನಮ್ಮ ನೀರಿನ ಗುಣ

ಇನ್ನು ನಮ್ಮ ಭಾಗಕ್ಕೆ ವಿಶೇಷವಾದ ಒಂದು ಸಂಗತಿ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಅಮೋನಿಯಂ, ಇದರ ಅಪಾಯ ಕಡಿಮೆ. ಇನ್ನೊಂದು ಬಿಡಿ ಅಮೋನಿಯಾ, ಇದೇ ಕಿವಿರನ್ನು ದಾಟಿ ಮೀನಿನ ರಕ್ತಕ್ಕೆ ಸೇರುವ ವಿಷ. ಯಾವ ರೂಪ ಎಷ್ಟಿರುತ್ತದೆ ಎಂಬುದನ್ನು ನೀರಿನ ರಸಸಾರ ಮತ್ತು ಉಷ್ಣತೆ ನಿರ್ಧರಿಸುತ್ತವೆ. ರಸಸಾರ ಎಂದರೆ ಮಣ್ಣು ಪರೀಕ್ಷೆಯ ವರದಿಯಲ್ಲಿ ನೀವು ನೋಡುವ ಪಿ.ಎಚ್. ಅಂಕಿ.

ಒಟ್ಟು ಅಮೋನಿಯಾದಲ್ಲಿ ವಿಷ ರೂಪದ ಪಾಲು (ನೂರಕ್ಕೆ, ಸುಮಾರು)

ರಸಸಾರ 7.0: ನೀರಿನ ಉಷ್ಣತೆ 25 ಡಿಗ್ರಿ ಇದ್ದಾಗ 0.6, 30 ಡಿಗ್ರಿ ಇದ್ದಾಗ 0.8
ರಸಸಾರ 7.5: 25 ಡಿಗ್ರಿಯಲ್ಲಿ 1.8, 30 ಡಿಗ್ರಿಯಲ್ಲಿ 2.5
ರಸಸಾರ 8.0: 25 ಡಿಗ್ರಿಯಲ್ಲಿ 5, 30 ಡಿಗ್ರಿಯಲ್ಲಿ 7.5
ರಸಸಾರ 8.5: 25 ಡಿಗ್ರಿಯಲ್ಲಿ 15, 30 ಡಿಗ್ರಿಯಲ್ಲಿ 20
ರಸಸಾರ 9.0: 25 ಡಿಗ್ರಿಯಲ್ಲಿ 36, 30 ಡಿಗ್ರಿಯಲ್ಲಿ 45

ವಿಷ ರೂಪದ ಅಮೋನಿಯಾ ಲೀಟರಿಗೆ 0.02 ಮಿಲಿಗ್ರಾಮಿಗಿಂತ ಕಡಿಮೆ ಇರುವಂತೆ ನೋಡಿಕೊಳ್ಳಬೇಕು. ಒಟ್ಟು ಅಮೋನಿಯಾ ಲೀಟರಿಗೆ ಒಂದು ಮಿಲಿಗ್ರಾಂ ಇದೆ ಎಂದುಕೊಳ್ಳಿ. ನೀರು 30 ಡಿಗ್ರಿಯಲ್ಲಿದ್ದು ರಸಸಾರ 7 ಇದ್ದರೆ ವಿಷ ರೂಪ 0.008 ಮಾತ್ರ, ಮೀನು ತಡೆಯುತ್ತದೆ. ಅದೇ ನೀರಿನ ರಸಸಾರ 8.5 ಆದರೆ ವಿಷ ರೂಪ 0.2 ಆಗುತ್ತದೆ, ಅಂದರೆ ಮಿತಿಯ ಹತ್ತು ಪಟ್ಟು. ಆದ್ದರಿಂದ ಮೃದು ನೀರಿನ ಊರಿನವರು ತಮ್ಮಲ್ಲಿ ಇಷ್ಟು ಅಮೋನಿಯಾ ಇದ್ದರೂ ಮೀನಿಗೆ ಏನೂ ಆಗಲಿಲ್ಲ ಎಂದರೆ ಅದನ್ನು ನಂಬಿ ನಡೆಯಬಾರದು. ಎರೆ ಭೂಮಿಯ ಬಾವಿ, ಬೋರುಗಳ ನೀರು ಸಾಮಾನ್ಯವಾಗಿ ಗಡಸು ಮತ್ತು ಕ್ಷಾರ. ಬೇಸಿಗೆಯಲ್ಲಿ ನಮ್ಮಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುತ್ತದೆ. ಹೀಗಾಗಿ ನಮ್ಮಲ್ಲಿ ಎಚ್ಚರಿಕೆ ಹೆಚ್ಚು ಬೇಕು.

ಇದೇ ನೀರಿನಿಂದ ಒಂದು ಲಾಭವೂ ಇದೆ. ಅಮೋನಿಯಾವನ್ನು ನೈಟ್ರೇಟಾಗಿ ಬದಲಾಯಿಸುವಾಗ ಆಮ್ಲ ಹುಟ್ಟುತ್ತದೆ, ನೀರಿನ ಕ್ಷಾರ ಖರ್ಚಾಗುತ್ತದೆ. ಮೃದು ನೀರಿನಲ್ಲಿ ಕ್ಷಾರ ತೀರಿಹೋಗಿ ಜೀವಿಗಳ ಕೆಲಸ ನಿಂತುಬಿಡುವುದುಂಟು. ನಮ್ಮ ನೀರಿನಲ್ಲಿ ಆ ಕೊರತೆ ಬೇಗ ಬರುವುದಿಲ್ಲ. ಒಮ್ಮೆ ಹದಕ್ಕೆ ಬಂದ ತೊಟ್ಟಿ ನಮ್ಮಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಹೊಸ ಸಿಮೆಂಟು ತೊಟ್ಟಿ

ಕಮಲಾಪುರದ ತೊಟ್ಟಿಗಳಲ್ಲಿ ರಸಸಾರದ ಕಾಗದ ಅದ್ದಿ ನೋಡಿದಾಗ ಅಂಕಿ 9 ದಾಟಿತ್ತು. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಇಳಿಯುತ್ತಿತ್ತು. ಇದೇ ಮೀನಿಗೆ ಕೆಡುಕು. ಜೊತೆಗೆ ಅಮೋನಿಯಾದ ಅರ್ಧದಷ್ಟನ್ನು ಅದು ವಿಷ ರೂಪಕ್ಕೆ ತಂದಿತ್ತು.

ಇದಕ್ಕೆ ಪರಿಹಾರ ನಿಮ್ಮ ತೋಟದಲ್ಲೇ ಇದೆ. ತೊಟ್ಟಿಗೆ ನೀರು ತುಂಬಿಸಿ, ಗೊನೆ ಕಡಿದ ಬಾಳೆಯ ದಿಂಡನ್ನು ತುಂಡು ಮಾಡಿ ಹಾಕಿ ಒಂದು ವಾರ ಬಿಡಬೇಕು. ದಿಂಡು ಕೊಳೆಯುವಾಗ ಹುಟ್ಟುವ ಆಮ್ಲ ಸುಣ್ಣವನ್ನು ತಗ್ಗಿಸುತ್ತದೆ. ಅನಂತರ ದಿಂಡನ್ನೆಲ್ಲ ತೆಗೆದು, ನೀರು ಚೆಲ್ಲಿ, ಸೋಪು ಸೋಕಿಸದೆ ತೊಳೆಯಬೇಕು. ಹೀಗೆ ಎರಡು ಮೂರು ಸಲ ಮಾಡಿ, ಹೊಸ ನೀರು ತುಂಬಿಸಿ ಎರಡು ದಿನದ ಮೇಲೆ ರಸಸಾರ ನೋಡಬೇಕು. ನಿಮ್ಮ ಬಾವಿಯ ನೀರಿನ ಅಂಕಿಗೇ ಅದು ನಿಂತರೆ ತೊಟ್ಟಿ ಸಿದ್ಧ. ಕೊಳೆತ ದಿಂಡು ಮಾತ್ರ ಒಳಗೆ ಉಳಿಯಬಾರದು. ಉಳಿದರೆ ಅದು ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ.

ತೊಟ್ಟಿಯನ್ನು ಹದಗೊಳಿಸುವ ಕ್ರಮ

1. ಮರಳು, ಹರಳು ತೊಳೆದು ಹಾಕಿ, ಸ್ಪಂಜಿನ ಫಿಲ್ಟರ್ ಮತ್ತು ಗಾಳಿ ಪಂಪು ಜೋಡಿಸಿ ನೀರು ತುಂಬಿಸಬೇಕು. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಸಿಲಿಗಿಟ್ಟು, ನೆರಳಿನಲ್ಲಿ ಆರಿಸಿ ಬಳಸಬೇಕು. ಕ್ಲೋರಿನ್ ಮೀನಿಗೂ ಕೆಟ್ಟದ್ದು, ಉಪಕಾರಿ ಜೀವಿಗಳಿಗೂ ಕೆಟ್ಟದ್ದು.

2. ಹೆಪ್ಪು ಹಾಕಬೇಕು. ಹಾಲಿಗೆ ಹೆಪ್ಪು ಹಾಕದೆ ಮೊಸರಾಗುವುದಿಲ್ಲ. ತೊಗರಿ ಬೀಜಕ್ಕೆ ರೈಜೋಬಿಯಂ ಲೇಪಿಸುವುದೂ ಇದೇ ತತ್ವದಿಂದ. ಆರೋಗ್ಯವಾದ ಮೀನುಗಳಿರುವ ಹಳೆಯ ತೊಟ್ಟಿಯಿಂದ ಒಂದು ತುಂಡು ಸ್ಪಂಜು ಅಥವಾ ಒಂದು ಬೊಗಸೆ ಹರಳನ್ನು ಒದ್ದೆಯಾಗಿಯೇ ತಂದು ಹೊಸ ತೊಟ್ಟಿಗೆ ಹಾಕಬೇಕು. ಒಣಗಿದರೆ, ಬಿಸಿಲಿಗೆ ಕಾದರೆ ಪ್ರಯೋಜನವಿಲ್ಲ. ರೋಗವಿದ್ದ ತೊಟ್ಟಿಯಿಂದ ತರಬಾರದು. ಹೆಪ್ಪು ಒಳ್ಳೆಯದಿದ್ದರೆ ಆರು ವಾರದ ಕೆಲಸ ಎರಡು ವಾರದಲ್ಲಿ ಮುಗಿಯುವುದೂ ಉಂಟು.

3. ಈ ಜೀವಿಗಳಿಗೆ ಆಹಾರವೆಂದರೆ ಅಮೋನಿಯಾ. ಮೀನು ಬಿಡದೆಯೇ ಅದನ್ನು ಒದಗಿಸಬಹುದು. ನೂರು ಲೀಟರು ನೀರಿಗೆ ಒಂದು ಗ್ರಾಂ ಅಮೋನಿಯಂ ಸಲ್ಫೇಟ್ ಹಾಕಿದರೆ ಲೀಟರಿಗೆ ಸುಮಾರು ಎರಡು ಮಿಲಿಗ್ರಾಂ ಸಾರಜನಕ ಸಿಗುತ್ತದೆ. ಇಷ್ಟು ಸಾಕು. ಗೊಬ್ಬರವನ್ನು ಕೈ ಅಂದಾಜಿನಲ್ಲಿ ಹಾಕದೆ, ಸಣ್ಣ ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಡಿ.ಎ.ಪಿ. ಬೇಡ, ಅದರ ರಂಜಕದಿಂದ ಪಾಚಿ ಕವಿಯುತ್ತದೆ. ಯೂರಿಯಾ ಮೊದಲು ಒಡೆದು ಅಮೋನಿಯಾ ಆಗಬೇಕಾದ್ದರಿಂದ ಲೆಕ್ಕ ಸಿಗುವುದಿಲ್ಲ. ಅಮೋನಿಯಂ ಸಲ್ಫೇಟ್ ಸಿಗದಿದ್ದರೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿದರೂ ಆದೀತು. ಒಳಗೆ ಮೀನಿದ್ದಾಗ ಯಾವ ಗೊಬ್ಬರವನ್ನೂ ಹಾಕಕೂಡದು.

4. ಎರಡು ಮೂರು ದಿನಕ್ಕೊಮ್ಮೆ ನೀರನ್ನು ಪರೀಕ್ಷಿಸಬೇಕು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಪೆಟ್ಟಿಗೆಗಳು ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಸಿಗುತ್ತವೆ. ಸಂಘಕ್ಕೊಂದು ಕೊಂಡರೆ ಹತ್ತು ಮನೆಗೆ ಆಗುತ್ತದೆ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ. ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಕೊನೆಗೆ ನೈಟ್ರೇಟ್ ಉಳಿಯುತ್ತದೆ.

5. ಮೇಲೆ ಹೇಳಿದ ಪ್ರಮಾಣದ ಗೊಬ್ಬರ ಹಾಕಿ ಒಂದು ದಿನದೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ತೊಟ್ಟಿ ಹದಕ್ಕೆ ಬಂದಿದೆ ಎಂದರ್ಥ. ಆಗ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಮೊದಲು ಕೆಲವೇ ಮೀನುಗಳನ್ನು ಬಿಟ್ಟು, ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು.

ಪರೀಕ್ಷಾ ಪೆಟ್ಟಿಗೆಯೂ ಇಲ್ಲ, ಕಾಯುವ ತಾಳ್ಮೆಯೂ ಇಲ್ಲ ಎನ್ನುವವರು ಎರಡು ಮೂರು ಗಟ್ಟಿ ಮೀನುಗಳನ್ನು ಮಾತ್ರ ಬಿಡಲಿ. ದಿನ ಬಿಟ್ಟು ದಿನ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಲಿ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸುತ್ತ ಆರು ವಾರ ನಡೆಸಲಿ. ಅಂತರಗಂಗೆ, ಹೈಡ್ರಿಲ್ಲಾ ಮುಂತಾದ ನೀರಿನ ಗಿಡಗಳನ್ನು ಬಿಟ್ಟರೆ ಅವೂ ಅಮೋನಿಯಾ ಹೀರುತ್ತವೆ. ಆದರೆ ಅಂತರಗಂಗೆ ಕೆರೆಗೆ ಸೇರಿದರೆ ದೊಡ್ಡ ಕಳೆ. ಹೆಚ್ಚಾದದ್ದನ್ನು ಕೆರೆಗೋ ಹಳ್ಳಕ್ಕೋ ಎಸೆಯದೆ ತಿಪ್ಪೆಗೆ ಹಾಕಬೇಕು.

ಮೀನು ಸಾಯತೊಡಗಿದಾಗ ಏನು ಮಾಡಬೇಕು?

ಲಕ್ಷಣಗಳು ಹೀಗಿರುತ್ತವೆ: ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುವುದು, ಕಿವಿರು ಕೆಂಪಾಗಿ ಊದುವುದು, ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಒಂದು ಮೂಲೆಯಲ್ಲಿ ನಿಲ್ಲುವುದು, ಆಹಾರ ಬಿಡುವುದು. ಆಮ್ಲಜನಕದ ಕೊರತೆಯಲ್ಲೂ ಮೀನು ಬಾಯಿ ಬಿಡುತ್ತದೆ. ಆದರೆ ಗಾಳಿ ಪಂಪು ಹಚ್ಚಿದ ಸ್ವಲ್ಪ ಹೊತ್ತಿಗೆ ಅದು ಚೇತರಿಸಿಕೊಳ್ಳುತ್ತದೆ. ಚೇತರಿಸದಿದ್ದರೆ ಅಮೋನಿಯಾ ಅಥವಾ ನೈಟ್ರೈಟನ್ನು ಶಂಕಿಸಬೇಕು.

ಮೊದಲನೆಯದಾಗಿ, ಆಹಾರ ನಿಲ್ಲಿಸಿ. ಎರಡು ದಿನ ಉಪವಾಸವಿದ್ದರೆ ಬೆಳೆದ ಮೀನು ಸಾಯುವುದಿಲ್ಲ. ಸತ್ತ ಮೀನು, ಉಳಿದ ಆಹಾರವನ್ನು ತೆಗೆಯಿರಿ.

ಎರಡನೆಯದಾಗಿ, ಕ್ಲೋರಿನ್ ಇಲ್ಲದ, ಅದೇ ಉಷ್ಣತೆಯ ನೀರಿನಿಂದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬದಲಿಸಿ. ಇದನ್ನು ದಿನವೂ ಮಾಡಬಹುದು. ಇಲ್ಲೊಂದು ಎಚ್ಚರಿಕೆ ಇದೆ. ಬಹುದಿನ ನೀರು ಬದಲಿಸದ ತೊಟ್ಟಿಯಲ್ಲಿ ರಸಸಾರ ಇಳಿದಿರುತ್ತದೆ, ಅಮೋನಿಯಾ ಅಪಾಯ ಕಡಿಮೆಯ ರೂಪದಲ್ಲಿರುತ್ತದೆ. ಅಂಥದಕ್ಕೆ ನಮ್ಮ ಕ್ಷಾರ ನೀರನ್ನು ಒಮ್ಮೆಲೇ ಸುರಿದರೆ ಅದೇ ಅಮೋನಿಯಾ ವಿಷ ರೂಪಕ್ಕೆ ತಿರುಗಿ ಮೀನು ಅಂದೇ ಸಾಯಬಹುದು. ನೀರು ಬದಲಿಸಿದ್ದರಿಂದಲೇ ಮೀನು ಸತ್ತವು ಎಂದು ಕೆಲವರು ಹೇಳುವುದು ಸುಳ್ಳಲ್ಲ. ಅಂಥ ತೊಟ್ಟಿಯಲ್ಲಿ ಒಂದು ಸಲಕ್ಕೆ ಹತ್ತನೆಯ ಒಂದು ಭಾಗದಂತೆ ನಿಧಾನವಾಗಿ ಬದಲಿಸಬೇಕು.

ಮೂರನೆಯದಾಗಿ, ಗಾಳಿ ಹೆಚ್ಚು ಕೊಡಿ. ಮೀನಿಗೂ ಬೇಕು, ಜೀವಿಗಳಿಗೂ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಖರ್ಚಾಗುತ್ತದೆ.

ನಾಲ್ಕನೆಯದಾಗಿ, ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಕೆಸರು ಕಟ್ಟಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಂದೆರಡು ಸಲ ಅದ್ದಿ ಮತ್ತೆ ಹಾಕಿ. ರೋಗ ಖಚಿತವಾಗದೆ ಔಷಧಿ ಹಾಕಬೇಡಿ. ನಿಂಬೆರಸ, ಹುಣಸೆಹುಳಿ ಹಾಕಿ ರಸಸಾರ ಇಳಿಸಲು ಹೋಗಬೇಡಿ. ಅದು ಒಮ್ಮೆಲೇ ಇಳಿದು ಮತ್ತೆ ಏರುವುದರಿಂದ ಮೀನು ಇನ್ನಷ್ಟು ಬಳಲುತ್ತದೆ.

ಉಪ್ಪಿನ ಬಗ್ಗೆ ಬಹಳ ಜನ ಕೇಳುತ್ತೀರಿ. ಉಪ್ಪು ಅಮೋನಿಯಾವನ್ನು ತೆಗೆಯುವುದಿಲ್ಲ. ನೈಟ್ರೈಟ್ ಏರಿದಾಗ ಮಾತ್ರ ಉಪಯೋಗವಿದೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಲೀಟರಿಗೆ ಒಂದು ಗ್ರಾಮಿನಂತೆ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ದಿನದಲ್ಲಿ ಮೂರು ನಾಲ್ಕು ಸಲವಾಗಿ ಹಾಕಬಹುದು. ಜಿಯೊಲೈಟ್ ಎಂಬ ಖನಿಜ, ಎರೆ ಮಣ್ಣಿನ ಜೇಡಿಯಂತೆಯೇ, ಅಮೋನಿಯಂ ಅನ್ನು ಹಿಡಿದಿಡುತ್ತದೆ. ಆದರೆ ಉಪ್ಪು ಹಾಕಿದರೆ ಹಿಡಿದದ್ದನ್ನು ಮತ್ತೆ ಬಿಟ್ಟುಕೊಡುತ್ತದೆ. ಆದ್ದರಿಂದ ಇವೆರಡನ್ನೂ ಒಟ್ಟಿಗೆ ಬಳಸಬಾರದು.

ಕರೆಂಟು ಹೋದಾಗಿನ ಮಾತನ್ನೂ ಹೇಳಬೇಕು. ಮುಚ್ಚಿದ ಡಬ್ಬಿಯಂಥ ಫಿಲ್ಟರಿನಲ್ಲಿ ನೀರು ಹಲವು ಗಂಟೆ ನಿಂತರೆ ಜೀವಿಗಳು ಉಸಿರುಗಟ್ಟಿ ಸಾಯುತ್ತವೆ. ಕರೆಂಟು ಬಂದ ಕೂಡಲೇ ಆ ಕೆಟ್ಟ ನೀರು ತೊಟ್ಟಿಗೆ ಇಳಿಯುತ್ತದೆ. ಆದ್ದರಿಂದ ಒಳಗಿನ ಸ್ಪಂಜನ್ನು ತೆಗೆದು ತೊಟ್ಟಿಯ ನೀರಿನಲ್ಲಿ ಬಿಟ್ಟಿರಬೇಕು. ಫಿಲ್ಟರಿನಲ್ಲಿ ನಿಂತ ನೀರನ್ನು ಚೆಲ್ಲಿ ಮತ್ತೆ ಚಾಲೂ ಮಾಡಬೇಕು.

ಕೃಷಿ ಹೊಂಡದವರಿಗೆ ಎರಡು ಮಾತು

2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಮಳೆಯಾಶ್ರಿತ ಪ್ರದೇಶಗಳಲ್ಲಿ ಬಹಳ ಹೊಂಡಗಳಾದವು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಸ ಹೊಂಡವೂ ಒಂದು ದೊಡ್ಡ ಗಾಜಿನ ತೊಟ್ಟಿಯೇ. ಅದರ ತಳದಲ್ಲಿ ಮಣ್ಣಿನ ನೆರವಿಲ್ಲ. ಅಂಥದರಲ್ಲಿ ರೋಹು, ಕಾಟ್ಲಾ ಮರಿ ಬಿಡುವವರು ನೀರು ನಿಂತು ತಿಳಿ ಹಸಿರು ಬಣ್ಣ ಬಂದ ಮೇಲೆಯೇ ಬಿಡಬೇಕು. ಹಸಿ ಸಗಣಿಯನ್ನಾಗಲಿ ಯೂರಿಯಾವನ್ನಾಗಲಿ ಮೀನಿರುವ ಹೊಂಡಕ್ಕೆ ಒಮ್ಮೆಲೇ ಸುರಿಯಬಾರದು. ಹಸಿರು ನೀರಿನ ರಸಸಾರ ಮಧ್ಯಾಹ್ನದ ಮೇಲೆ ಬಹಳ ಏರುವುದರಿಂದ, ಸಂಜೆ ನಾಲ್ಕರ ಸುಮಾರಿಗೆ ಅದನ್ನು ನೋಡಬೇಕು. ಹೆಚ್ಚಿನ ಸಲಹೆಗೆ ಮೀನುಗಾರಿಕೆ ಇಲಾಖೆಯವರನ್ನು ಕಾಣಬಹುದು. ಪಕ್ಕದ ಬೀದರಿನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇದೆ.

ತೊಟ್ಟಿಯಿಂದ ತೆಗೆದ ನೀರನ್ನು ಏನು ಮಾಡಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಉಪ್ಪಾಗಲಿ ಔಷಧಿಯಾಗಲಿ ಹಾಕದ ನೀರಾದರೆ ಬಾಳೆಯ ಬುಡಕ್ಕೆ ಹಾಕಿ. ಆದರೆ ಇದರಿಂದ ಗೊಬ್ಬರ ಉಳಿಯುತ್ತದೆ ಎಂದು ಭಾವಿಸಬೇಡಿ. ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇರುವ 20 ಲೀಟರು ನೀರಿನಲ್ಲಿ ಸಾರಜನಕ ಒಂದು ಗ್ರಾಮಿನ ಐದನೆಯ ಒಂದು ಭಾಗವೂ ಇರುವುದಿಲ್ಲ. ನೀರು ವ್ಯರ್ಥವಾಗಲಿಲ್ಲ ಎಂಬುದಷ್ಟೇ ಲಾಭ.

ಕೊನೆಯ ಮಾತು

ಕಮಲಾಪುರದ ಆ ದಂಪತಿಗಳು ಎರಡೂ ತೊಟ್ಟಿಗಳನ್ನು ಬಾಳೆ ದಿಂಡಿನಿಂದ ಹದ ಮಾಡಿದರು. ಹಳೆಯ ದೋಣಿಯಿಂದ ಪಾಚಿ ಹಿಡಿದ ಸಣ್ಣ ಕಲ್ಲುಗಳನ್ನು ತಂದು ಹೆಪ್ಪು ಹಾಕಿದರು. ಆರು ವಾರ ಕಾದು, ದೋಣಿಯಲ್ಲಿ ಉಳಿದಿದ್ದ ಇಪ್ಪತ್ತು ಮೀನುಗಳಿಂದಲೇ ಮತ್ತೆ ಆರಂಭಿಸಿದರು. ಅವುಗಳಲ್ಲಿದ್ದ ಮೊಲ್ಲಿಗಳು ಈಗ ಮರಿ ಹಾಕಿವೆ. ಸಾಲದ ಕಂತು ಇನ್ನೂ ತೀರಿಲ್ಲ, ಮೊದಲ ನಷ್ಟ ಪೂರ್ತಿ ತುಂಬಿಲ್ಲ. ಆದರೆ ಈಗ ಮೀನು ಸಾಯುತ್ತಿಲ್ಲ. ಮೊದಲೇ ಆರು ವಾರ ಕಾದಿದ್ದರೆ ಆ ನಷ್ಟವೇ ಆಗುತ್ತಿರಲಿಲ್ಲ ಎಂದು ಆ ತಾಯಿಯೇ ಹೇಳುತ್ತಾರೆ. ನಮ್ಮ ಮನೆಯ ಗಾಜಿನ ತೊಟ್ಟಿಗೂ ಹೆಪ್ಪು ಇವರ ದೋಣಿಯಿಂದಲೇ ಹೋಯಿತು. ಮಗಳು ಈಗ ಸ್ಪಂಜು ತೊಳೆಯಲು ನನ್ನನ್ನು ಹತ್ತಿರ ಬಿಡುವುದಿಲ್ಲ.

ಬಿತ್ತುವ ಮೊದಲು ಹೊಲ ಹದಕ್ಕೆ ಬರಲೆಂದು ಕಾಯುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೀನಿನ ತೊಟ್ಟಿಗೂ ಅದೇ ನಿಯಮ. ಮೊದಲು ಕಣ್ಣಿಗೆ ಕಾಣದ ಜೀವಿಗಳನ್ನು ಸಾಕಿರಿ, ಆಮೇಲೆ ಮೀನು ಸಾಕಿರಿ. ತೊಟ್ಟಿ ಕಟ್ಟಿಸಲು ಸಾಲ ತೆಗೆಯುವವರು ಈ ಆರು ವಾರವನ್ನೂ ಲೆಕ್ಕಕ್ಕೆ ಹಿಡಿದು, ಕಂತು ಆರಂಭವಾಗುವ ದಿನವನ್ನು ಸಂಘದಲ್ಲಿ ಮೊದಲೇ ಗೊತ್ತು ಮಾಡಿಕೊಳ್ಳಬೇಕು.